ಪ್ರೊಸೆಸರ್ ಮೊದಲೋ, ಗ್ರಾಫಿಕ್ಸ್ ಕಾರ್ಡ್ ಮೊದಲೋ: ಎರಡನ್ನೂ ಹಾಕಿ ನೋಡಿದೆ

ಗೇಮ್ ಆಡುವಾಗ ಕಂಪ್ಯೂಟರ್ ತಡವರಿಸುತ್ತಿದೆ ಅಂತ ಯಾರ ಹತ್ತಿರ ಹೇಳಿದರೂ ಬರುವ ಉತ್ತರ ಒಂದೇ: ಗ್ರಾಫಿಕ್ಸ್ ಕಾರ್ಡ್ ಬದಲಾಯಿಸು. ನಾನು ಬದಲಾಯಿಸಿದ್ದು ಪ್ರೊಸೆಸರ್. ರೈಜನ್ 5 5600 ತಗೊಂಡೆ, ಹಳೆಯ ಕಾರ್ಡನ್ನೇ ಉಳಿಸಿಕೊಂಡೆ. ಕೈಯಲ್ಲಿದ್ದ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸುಮ್ನೆ ಹೇಳುತ್ತಿಲ್ಲ, ಗೆಳೆಯನ ಆರ್‌ಟಿಎಕ್ಸ್ 3060 ಕಾರ್ಡನ್ನು ಇದೇ ಕಂಪ್ಯೂಟರಿಗೆ ಹಾಕಿ ನೋಡಿದ ಮೇಲೆಯೇ ಕೊಂಡದ್ದು.

ಮೊದಲು ನನ್ನ ಹತ್ತಿರ ಏನಿತ್ತು ಹೇಳಿಬಿಡುತ್ತೇನೆ. ರೈಜನ್ 5 2600, ಒಂದು ಬಿ450 ಮದರ್‌ಬೋರ್ಡ್, ಜಿಟಿಎಕ್ಸ್ 1660 ಸೂಪರ್, 8 ಜಿಬಿಯ ಎರಡು ರ್‍ಯಾಮ್, 450 ವಾಟಿನ ಪವರ್ ಸಪ್ಲೈ. ಮಾನಿಟರ್ 1080ಪಿ, 144 ಹರ್ಟ್ಜ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಾಯಿಸುವಂಥದ್ದು. ಆಡುವುದು ಹೆಚ್ಚಾಗಿ ಕೌಂಟರ್ ಸ್ಟ್ರೈಕ್ 2 ಮತ್ತು ಸಿಟೀಸ್ ಸ್ಕೈಲೈನ್ಸ್. ಯಾವಾಗಲಾದರೂ ಪುರುಸೊತ್ತು ಸಿಕ್ಕರೆ ಸೈಬರ್‌ಪಂಕ್ 2077. ಈ ಪಟ್ಟಿ ಯಾಕೆ ಮುಖ್ಯ ಅಂದರೆ, ಇದರಲ್ಲಿ ಒಂದು ಹೆಸರು ಬದಲಾದರೂ ಮುಂದಿನ ಮಾತೆಲ್ಲ ಬದಲಾಗಬಹುದು.

ದುಡ್ಡು ಖರ್ಚು ಮಾಡುವ ಮೊದಲು ಮಾಡಬಹುದಾದ ಒಂದು ಪರೀಕ್ಷೆ ಇದೆ. ಗೇಮಿನಲ್ಲಿ ರೆಸಲ್ಯೂಷನ್ (ಚಿತ್ರದಲ್ಲಿರುವ ಚುಕ್ಕೆಗಳ ಸಂಖ್ಯೆ) ಅನ್ನು 1080ರಿಂದ 720ಕ್ಕೆ ಇಳಿಸಿ, ಕಾರ್ಡಿನ ಕೆಲಸ ಹಗುರಾಗುತ್ತದೆ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ, ಚೆನ್ನಾಗಿ ಏರಿದರೆ ಕಾರ್ಡ್ ಸಾಲುತ್ತಿಲ್ಲ ಅಂತ ಅರ್ಥ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಸಾಲುತ್ತಿಲ್ಲ. ನನ್ನಲ್ಲಿ ಸೈಬರ್‌ಪಂಕ್ ಏರಿತು, ಕೌಂಟರ್ ಸ್ಟ್ರೈಕ್ ಜಪ್ಪಯ್ಯ ಅಂದರೂ ಕದಲಲಿಲ್ಲ. ನಾಲ್ಕಾರು ಜನ ಒಂದೇ ಕಡೆ ಗುಂಡು ಹಾರಿಸುವಾಗ ಪ್ರೊಸೆಸರ್ ಒದ್ದಾಡಿ ಎಫ್‌ಪಿಎಸ್ ಕುಸಿಯುತ್ತಿತ್ತು, ಕಾರ್ಡ್ ಆರಾಮಾಗಿ ಕೂತಿರುತ್ತಿತ್ತು.

ಅಷ್ಟಾದರೂ ಅನುಮಾನ ಹೋಗಲಿಲ್ಲ. ಗೆಳೆಯ ತನ್ನ 3060 ಕಾರ್ಡನ್ನು ಸ್ವಲ್ಪ ದಿನಕ್ಕೆ ಕೊಟ್ಟ. 12 ಜಿಬಿ ಮೆಮೊರಿಯದು. ಹಾಕಿದ್ದೇ ಸೈಬರ್‌ಪಂಕ್ ಬೇರೆ ಆಟವೇ ಆಯಿತು. ಟೆಕ್ಸ್ಚರ್ (ಗೋಡೆ, ನೆಲ, ಬಟ್ಟೆಗಳ ಮೇಲ್ಮೈ ಚಿತ್ರ) ಹೈ ಮಾಡಿದರೂ ಮೆಮೊರಿ ತುಂಬಲಿಲ್ಲ, ಮೇಲಿಂದ ಚಿಕ್ಕ ಚಿತ್ರವನ್ನು ದೊಡ್ಡದಾಗಿಸಿ ಎಫ್‌ಪಿಎಸ್ ಏರಿಸುವ ಡಿಎಲ್‌ಎಸ್‌ಎಸ್ ಬೇರೆ ಸಿಕ್ಕಿತು. 1660 ಸೂಪರ್‌ನಲ್ಲಿ ಅದು ಇಲ್ಲ, ಆರ್‌ಟಿಎಕ್ಸ್ ಕಾರ್ಡುಗಳಿಗೆ ಮಾತ್ರ. ಆದರೆ ಕೌಂಟರ್ ಸ್ಟ್ರೈಕ್‌ನಲ್ಲಿ? ಅದೇ ಕುಸಿತ, ಅದೇ ಜಾಗದಲ್ಲಿ. ಕಾರ್ಡ್ ಮೊದಲಿಗಿಂತ ಇನ್ನೂ ಜಾಸ್ತಿ ಖಾಲಿ ಕೂತಿತ್ತು, ಅಷ್ಟೇ ವ್ಯತ್ಯಾಸ. ಸಿಟೀಸ್‌ನಲ್ಲಿ ಊರು ದೊಡ್ಡದಾದ ಮೇಲೆ ಸಮಯ ತೆವಳುತ್ತದಲ್ಲ, ಅದೂ ಹಾಗೆಯೇ ಇತ್ತು. ಸಾವಿರಾರು ಜನರ ಓಡಾಟದ ಲೆಕ್ಕ ಹಾಕುವುದು ಪ್ರೊಸೆಸರ್ ಕೆಲಸ. ಅದಕ್ಕೆ ಎಂಥ ಕಾರ್ಡ್ ಹಾಕಿದರೂ ಉಪಯೋಗವಿಲ್ಲ.

ಇನ್ನೊಂದು ವಿಷಯ. 3060ಗೆ ಅದರ ತಯಾರಕ ಎನ್‌ವಿಡಿಯಾ ಹೇಳುವುದು 550 ವಾಟಿನ ಪವರ್ ಸಪ್ಲೈ. ನನ್ನ 450ರಲ್ಲಿ ಅದು ಓಡಿತು, ನಿಜ. ಆದರೆ ಹಳೆಯ ಪವರ್ ಸಪ್ಲೈ ಮೇಲೆ 170 ವಾಟಿನ ಕಾರ್ಡನ್ನು ವರ್ಷಗಟ್ಟಲೆ ಓಡಿಸುವ ಧೈರ್ಯ ನನಗಿಲ್ಲ. ಹಾಗಾಗಿ ಕಾರ್ಡಿನ ಬೆಲೆಗೆ ಪವರ್ ಸಪ್ಲೈ ಬೆಲೆಯನ್ನೂ ಸೇರಿಸಿಕೊಳ್ಳಬೇಕು. ಅದೇ 2600, 5600 ಎರಡೂ 65 ವಾಟಿನವು. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಬೇರೇನೂ ಬದಲಾಯಿಸಬೇಕಾಗಿಲ್ಲ. ಕೂಲರ್ ಕೂಡ ಡಬ್ಬದಲ್ಲೇ ಬರುತ್ತದೆ.

5600 ಹಾಕಿದ ಮೇಲೆ ಕೌಂಟರ್ ಸ್ಟ್ರೈಕ್ ಸರಾಸರಿ ಏರಿತು. ಆದರೆ ನನಗೆ ಖುಷಿ ಕೊಟ್ಟದ್ದು ಸರಾಸರಿ ಅಲ್ಲ, ಕುಸಿತ ನಿಂತದ್ದು. ಹೊಗೆ, ಗುಂಡು, ಜನ ಎಲ್ಲ ಒಟ್ಟಿಗೆ ಬಂದಾಗಲೂ ಮೌಸ್ ಕೈಗೆ ಅಂಟಿಕೊಂಡ ಹಾಗೆ ಇರುತ್ತದೆ. ಎರಡರಲ್ಲೂ ಆರು ಕೋರ್ (ಲೆಕ್ಕ ಹಾಕುವ ಘಟಕ) ಇದ್ದರೂ ಇಷ್ಟು ವ್ಯತ್ಯಾಸ ಯಾಕೆ ಅಂದರೆ, ಒಂದು ಮುಖ್ಯ ಕಾರಣ ಕ್ಯಾಶ್, ಅಂದರೆ ಪ್ರೊಸೆಸರಿನೊಳಗೇ ಇರುವ ಅತಿ ವೇಗದ ಚಿಕ್ಕ ಮೆಮೊರಿ. 2600ರಲ್ಲಿ 16 ಎಂಬಿ ಎಲ್3 ಕ್ಯಾಶ್ ಎರಡು ಪಾಲಾಗಿದೆ. ಮೂರು ಕೋರಿಗೆ 8, ಇನ್ನು ಮೂರಕ್ಕೆ 8. ಆ ಕಡೆಯ ಕೋರ್ ಜೊತೆ ಈ ಕಡೆಯ ಕೋರ್ ಮಾತಾಡಬೇಕಾದರೆ ಸುತ್ತು ಬಳಸಿ ಹೋಗಬೇಕು. 5600ರಲ್ಲಿ 32 ಎಂಬಿ, ಆರೂ ಕೋರ್ ಸೇರಿ ಒಂದೇ ಗುಂಪು. ಗೇಮಿಗೆ ಇದು ಬಹಳ ಮುಖ್ಯ.

ಇದೇ ಕಾರಣಕ್ಕೆ 5600ಜಿ, 5500 ಕಡೆ ಹೋಗಬೇಡಿ. ಹೆಸರು ಹತ್ತಿರ, ಆದರೆ ಕ್ಯಾಶ್ 16 ಎಂಬಿ ಮಾತ್ರ. ಅತ್ತ 3060ಯಲ್ಲೂ 8 ಜಿಬಿಯ ಒಂದು ಬಗೆ ಇದೆ. ಅದರಲ್ಲಿ ಮೆಮೊರಿ ಕಡಿಮೆ ಇರುವುದಷ್ಟೇ ಅಲ್ಲ, ಮೆಮೊರಿ ದಾರಿಯೂ 192 ಬಿಟ್ ಬದಲು 128 ಬಿಟ್. ಡಬ್ಬದ ಮೇಲೆ ಎಷ್ಟು ಜಿಬಿ ಅಂತ ಓದಿಯೇ ದುಡ್ಡು ಕೊಡಿ.

ಈಗ ತಲೆನೋವಿನ ವಿಷಯಕ್ಕೆ ಬರುತ್ತೇನೆ: ಬಯೋಸ್, ಅಂದರೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್. ಕಾರ್ಡ್ ಆದರೆ ಸಿಕ್ಕಿಸಿ, ಸ್ಕ್ರೂ ಹಾಕಿ, ಡ್ರೈವರ್ ಹಾಕಿದರೆ ಮುಗಿಯಿತು. ಪ್ರೊಸೆಸರ್ ಹಾಗಲ್ಲ. 5600 ಬಂದದ್ದು 2022ರಲ್ಲಿ, ನನ್ನ ಬೋರ್ಡಿನ ಬಯೋಸ್ 2019ರದು. ಹಳೆಯ ಬಯೋಸಿಗೆ ಹೊಸ ಪ್ರೊಸೆಸರ್ ಯಾವುದೆಂದೇ ಗೊತ್ತಿಲ್ಲ. ಆದ್ದರಿಂದ ಹಳೆಯ 2600 ಕೂತಿರುವಾಗಲೇ ಬಯೋಸ್ ಅಪ್‌ಡೇಟ್ ಮುಗಿಸಬೇಕು. ಇದು ಮೊದಲೇ ಗೊತ್ತಿತ್ತು. ಆದರೂ ಇಡೀ ದಿನ ಹೋಯಿತು.

ನೇರವಾಗಿ ಕೊನೆಯ ಆವೃತ್ತಿಗೆ ಹೋಗುವಂತಿಲ್ಲ, ನಡುವಿನ ಒಂದನ್ನು ಮೊದಲು ಹಾಕಬೇಕು ಅಂತ ಬೋರ್ಡಿನವರ ಸೂಚನೆ. ಪೆನ್‌ಡ್ರೈವ್ ಎಫ್‌ಎಟಿ32 ಅನ್ನುವ ಫಾರ್ಮ್ಯಾಟಿನಲ್ಲಿ ಇರಬೇಕು. ನನ್ನದು 64 ಜಿಬಿಯದು, ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯಲ್ಲಿ ಆ ಆಯ್ಕೆಯೇ ಬರಲಿಲ್ಲ. ಎಲ್ಲೋ ಇದ್ದ ಹಳೆಯ 8 ಜಿಬಿ ಪೆನ್‌ಡ್ರೈವ್ ಹುಡುಕಿ ತೆಗೆದೆ. ಅಪ್‌ಡೇಟ್ ಆಗುವಷ್ಟು ಹೊತ್ತು ಕರೆಂಟ್ ಹೋಗದಿದ್ದರೆ ಸಾಕಪ್ಪಾ ಅಂತ ಕೂತಿದ್ದೆ. ಅದು ಸರಿಯಾಗಿಯೇ ಮುಗಿಯಿತು. ಆಮೇಲೆ ನೋಡಿದರೆ ವಿಂಡೋಸೇ ಇಲ್ಲ!

ಆದದ್ದು ಇಷ್ಟು. ಹೊಸ ಬಯೋಸ್ ತನ್ನಷ್ಟಕ್ಕೆ ಸಿಎಸ್‌ಎಂ ಅನ್ನು ಆಫ್ ಮಾಡಿಕೊಂಡಿತ್ತು. ಸಿಎಸ್‌ಎಂ ಅಂದರೆ ಹಳೆಯ ಕಾಲದ ಡಿಸ್ಕುಗಳಿಂದ ಬೂಟ್ ಆಗಲು ಇರುವ ಸೌಲಭ್ಯ. ನನ್ನ ವಿಂಡೋಸ್ ಎಂಬಿಆರ್ ಎಂಬ ಹಳೆಯ ಪದ್ಧತಿಯ ಡಿಸ್ಕಿನಲ್ಲಿ ಇತ್ತು, ಹೊಸ ವ್ಯವಸ್ಥೆಗೆ ಜಿಪಿಟಿ ಎಂಬ ಹೊಸ ಪದ್ಧತಿಯದು ಬೇಕು. ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ವಿಂಡೋಸ್ ಬರುತ್ತಿತ್ತು. ಹಾಗೇ ಬಿಟ್ಟುಬಿಡಬಹುದಿತ್ತು ಕೂಡ. ಆದರೆ ಸೆಕ್ಯೂರ್ ಬೂಟ್‌ಗೆ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ಭದ್ರತೆ), ಮುಂದೆ ಹೊಸ ಕಾರ್ಡ್ ಬಂದರೆ ರೀಸೈಜಬಲ್ ಬಾರ್‌ಗೆ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಬಳಸಲು ಬಿಡುವ ಸೌಲಭ್ಯ) ಸಿಎಸ್‌ಎಂ ಆಫ್ ಇರಲೇಬೇಕು. ವ್ಯಾಲರಂಟ್ ಆಟ ಅಂತೂ ವಿಂಡೋಸ್ 11ರಲ್ಲಿ ಸೆಕ್ಯೂರ್ ಬೂಟ್ ಇಲ್ಲದೆ ಆಡಲು ಬಿಡುವುದಿಲ್ಲ.

ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಅನ್ನುವ ಸಲಕರಣೆ ಡೇಟಾ ಅಳಿಸದೆ ಡಿಸ್ಕನ್ನು ಬದಲಾಯಿಸುತ್ತದೆ. ಬ್ಯಾಕಪ್ ತೆಗೆದು ಅದನ್ನು ಓಡಿಸಿದರೆ ಆಗುವುದಿಲ್ಲ ಅಂತ ಹಟ. ಕಾರಣ, ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ (ಡಿಸ್ಕಿನ ಮುಖ್ಯ ಭಾಗ) ಇರುವಂತಿಲ್ಲ. ನನ್ನಲ್ಲಿ ನಾಲ್ಕಿತ್ತು. ಯಾವುದೋ ಕಾಲದ ರಿಕವರಿ ಪಾರ್ಟಿಷನ್ ಒಂದು ಸುಮ್ಮನೆ ಬಿದ್ದಿತ್ತು. ಅದನ್ನು ತೆಗೆದ ಮೇಲೆ ಕೆಲಸ ಕ್ಷಣದಲ್ಲಿ ಆಯಿತು.

ಆಮೇಲೆ ಪ್ರೊಸೆಸರ್ ತೆಗೆಯುವ ಸರದಿ. ನನ್ನ ಬೋರ್ಡಿನ ಎಎಂ4 ಸಾಕೆಟ್ಟಿನಲ್ಲಿ (ಪ್ರೊಸೆಸರ್ ಕೂರುವ ಜಾಗ) ಪಿನ್ನುಗಳು ಇರುವುದು ಪ್ರೊಸೆಸರಿನಲ್ಲಿ, ಬೋರ್ಡಿನಲ್ಲಲ್ಲ. ಕೂಲರಿಗೂ ಪ್ರೊಸೆಸರಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಕೂಲರ್ ಎಳೆದಾಗ ಪ್ರೊಸೆಸರೂ ಕಿತ್ತುಕೊಂಡು ಬರಬಹುದು, ಪಿನ್ ಬಾಗಬಹುದು. ಅದಕ್ಕೇ ಸ್ವಲ್ಪ ಹೊತ್ತು ಗೇಮ್ ಆಡಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ತೆಗೆದೆ. ಹೊಸದು ಹಾಕಿ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಒಂದು ಪ್ರಶ್ನೆ: ಎಫ್‌ಟಿಪಿಎಂ (ಗುಪ್ತ ಕೀಲಿಗಳನ್ನು ಇಟ್ಟುಕೊಳ್ಳುವ ಭದ್ರತಾ ಭಾಗ) ರೀಸೆಟ್ ಮಾಡಲೇ, ವೈ ಅಥವಾ ಎನ್ ಒತ್ತಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದು, ರಿಕವರಿ ಕೀ ಬರೆದಿಟ್ಟುಕೊಳ್ಳದೆ ವೈ ಒತ್ತಿದರೆ ನಿಮ್ಮ ಡಿಸ್ಕ್ ನಿಮಗೇ ತೆರೆಯುವುದಿಲ್ಲ. ಕೀ ಮೊದಲೇ ಬರೆದಿಟ್ಟುಕೊಳ್ಳಿ. ಕೊನೆಗೆ ನೋಡಿದರೆ, ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಕೂಡ ಆಫ್ ಆಗಿತ್ತು. 3200ರ ರ್‍ಯಾಮ್ 2400ರಲ್ಲಿ ಓಡುತ್ತಿತ್ತು. ಅದನ್ನು ಆನ್ ಮಾಡದಿದ್ದರೆ ಹೊಸ ಪ್ರೊಸೆಸರಿನ ಅರ್ಧ ಮಜಾ ಹೋದ ಹಾಗೆ.

ಇಷ್ಟು ಕಾಟ ಕೊಟ್ಟರೂ 5600 ಪರವಾಗಿಯೇ ಮಾತಾಡುತ್ತಿದ್ದೇನೆ ಅಲ್ವಾ? ಕಾಟ ಒಂದು ದಿನದ್ದು, ಆಟ ದಿನಾ ಇರುವುದು.

ಎಎಂ4ರ ನಂತರದ ಸಾಕೆಟ್ ಎಎಂ5 ಕಡೆ ಹೋಗಬಹುದಿತ್ತೇ? ತಮ್ಮನ ಹತ್ತಿರ ರೈಜನ್ 5 7600 ಇದೆ, ಅದರಲ್ಲೂ ಆಡಿ ನೋಡಿದೆ. ಜೋರಾಗಿದೆ, ಎರಡು ಮಾತಿಲ್ಲ. ಆದರೆ ಬೋರ್ಡ್, ಡಿಡಿಆರ್5 ರ್‍ಯಾಮ್, ಪ್ರೊಸೆಸರ್ ಮೂರನ್ನೂ ಒಟ್ಟಿಗೆ ಕೊಳ್ಳಬೇಕು. ನನ್ನ ಕಾರ್ಡಿಗೆ ಅಷ್ಟು ವೇಗ ಬೇಕಾಗಿಯೂ ಇಲ್ಲ. ಎಲ್ಲ ಹೊಸದಾಗಿ ಕಟ್ಟುವವರಿಗೆ ಅದೇ ಸರಿ. ನನ್ನ ಬೋರ್ಡಿಗೇ ಕೂರುವ 5700ಎಕ್ಸ್3ಡಿ ಇನ್ನೊಂದು ಆಸೆ, 96 ಎಂಬಿ ಕ್ಯಾಶ್. ಅದರ ಡಬ್ಬದಲ್ಲಿ ಕೂಲರ್ ಇರುವುದಿಲ್ಲ, ನನ್ನ ಲೆಕ್ಕ ಅಲ್ಲಿಗೇ ನಿಂತಿತು.

ನಿಮ್ಮದು 1440ಪಿ ಮಾನಿಟರ್ ಆಗಿದ್ದು, ಕಥೆ ಇರುವ ದೊಡ್ಡ ಆಟಗಳನ್ನೇ ಆಡುವುದಾದರೆ ನಾನು ಹೇಳಿದ್ದನ್ನು ತಿರುಗಿಸಿ ಓದಿ: ಮೊದಲು ಕಾರ್ಡ್. 60 ಹರ್ಟ್ಜ್ ಮಾನಿಟರ್ ಇದ್ದರೂ ಅಷ್ಟೇ, 2600 ಇನ್ನೂ ಎಳೆಯುತ್ತದೆ. ರ್‍ಯಾಮ್ ಒಂದೇ ಇದ್ದರೆ ಪ್ರೊಸೆಸರೂ ಬೇಡ, ಕಾರ್ಡೂ ಬೇಡ, ಅಂಥದ್ದೇ ಇನ್ನೊಂದು ರ್‍ಯಾಮ್ ತಂದು ಹಾಕಿ ನೋಡಿ.

ನಾನು ಮುಂದೆ ಕಾರ್ಡ್ ಕೊಂಡರೂ 3060 ಅಲ್ಲ, ಎಎಂಡಿಯ ಆರ್‌ಎಕ್ಸ್ 6600. 1080ಪಿಯಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಬಿ450 ಬೋರ್ಡಿನಲ್ಲಿ ಕಾರ್ಡಿಗೆ ಹೋಗುವ ದಾರಿ ಹಳೆಯ ಪಿಸಿಐಇ 3.0 ಆಗಿರುವುದರಿಂದ ಎಂಟು ಲೇನಿನ ಈ ಕಾರ್ಡ್ ಚೂರು ಹಿಂದೆ ಬೀಳಬಹುದು, ಬೆಳಕು ನೆರಳನ್ನು ನಿಜದಂತೆ ಲೆಕ್ಕ ಹಾಕುವ ರೇ ಟ್ರೇಸಿಂಗ್‌ನಲ್ಲಿ ಸೋಲುತ್ತದೆ, ಡಿಎಲ್‌ಎಸ್‌ಎಸ್ ಇಲ್ಲ. ಆದರೆ 132 ವಾಟಿನ ಕಾರ್ಡ್, ಎಎಂಡಿ ಹೇಳುವ ಪವರ್ ಸಪ್ಲೈಯೂ 450 ವಾಟೇ. ಕಂಪ್ಯೂಟರಿನೊಳಗಿನ ಬೇರೆ ಯಾವುದನ್ನೂ ಮುಟ್ಟಬೇಕಾಗಿಲ್ಲ.