ಆರ್ಕಿ: ಗೆರೆ ಎಳೆದರೆ ಸಾಲದು, ಯಾವ ಸಂಬಂಧ ಅಂತ ಹೇಳಬೇಕು

ಒಂದು ಸಂಸ್ಥೆಯ ಕೆಲಸ, ಸಾಫ್ಟ್‌ವೇರ್, ಸರ್ವರ್ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ತೋರಿಸಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಆರ್ಕಿ. 2010ರಲ್ಲಿ ಇಂಗ್ಲೆಂಡಿನ ಬೋಲ್ಟನ್ ವಿಶ್ವವಿದ್ಯಾಲಯದಿಂದ ಹೊರಬಂದ ಸಾಫ್ಟ್‌ವೇರ್ ಇದು. ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಆದರೆ ನಾನು ಇದನ್ನು ಇಷ್ಟಪಡುವುದು ಬೇರೆ ಕಾರಣಕ್ಕೆ. ಬರೀ ಚಿತ್ರ ಬರೆಯುವ ಸಾಫ್ಟ್‌ವೇರುಗಳಲ್ಲಿ ಗೆರೆ ಅಂದರೆ ಸುಮ್ನೆ ಗೆರೆ. ಇಲ್ಲಿ ಪ್ರತಿ ಗೆರೆಗೂ ಒಂದು ಅರ್ಥ ಇರಲೇಬೇಕು.

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮದು ಚಿಕ್ಕ ಆಫೀಸು. ಚನ್ನಗಿರಿ ಕಡೆಯ ಒಂದು ಅಡಿಕೆ ಸಹಕಾರ ಸಂಘದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಹಿಂದಿನವರು ಬಿಟ್ಟುಹೋದ ನಕ್ಷೆ ನೋಡೋಕೆ ಚೆನ್ನಾಗಿತ್ತು. ಅದರಲ್ಲಿ ‘ಟೆಂಡರ್’ ಬಾಕ್ಸಿನಿಂದ ‘ಸಾಲದ ಲೆಕ್ಕ’ಕ್ಕೆ ಒಂದು ಬಾಣ. ಅದೇ ನಕ್ಷೆಯನ್ನು ಆರ್ಕಿಯಲ್ಲಿ ಹೊಸದಾಗಿ ಬರೆಯುವಾಗ ಆ ಬಾಣದ ಹತ್ತಿರ ಕೈ ನಿಂತಿತು. ಟ್ರಿಗರಿಂಗ್ ಹಾಕಬೇಕೋ, ಫ್ಲೋ ಹಾಕಬೇಕೋ? ಟ್ರಿಗರಿಂಗ್ ಅಂದರೆ ಒಂದು ಕೆಲಸ ಮುಗಿದ ಮೇಲೆ ಇನ್ನೊಂದು ಶುರುವಾಗುತ್ತದೆ. ಫ್ಲೋ ಅಂದರೆ ಮಾಹಿತಿಯೋ ಮಾಲೋ ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಅಷ್ಟೇ. ಸಂಘದ ಲೆಕ್ಕ ನೋಡುವವರನ್ನೇ ಕೇಳಿದೆ. ‘ಟೆಂಡರ್ ಆದ ತಕ್ಷಣ ಸಾಲ ಕಟ್ ಆಗಲ್ಲ ಮೇಡಂ. ರೇಟು ಗಿಟ್ಟದಿದ್ರೆ ರೈತರು ಲಾಟ್ (ಮಾರೋಕೆ ತಂದ ಅಡಿಕೆ) ಇಟ್ಕೋತಾರೆ. ಅವರು ಒಪ್ಪಿದ ಮೇಲೇನೇ ಮಾರಾಟ’ ಅಂದರು. ನಕ್ಷೆಯಲ್ಲಿ ಆ ಒಪ್ಪಿಗೆಗೆ ಬಾಕ್ಸೇ ಇರಲಿಲ್ಲ! ಈಗ ಟೆಂಡರಿನಿಂದ ‘ಸದಸ್ಯರ ಒಪ್ಪಿಗೆ’ಗೆ, ಅಲ್ಲಿಂದ ‘ಹಣ ಪಾವತಿ’ಗೆ ಟ್ರಿಗರಿಂಗ್ ಇದೆ. ಸಾಲದ ಲೆಕ್ಕಕ್ಕೆ ಪಾವತಿಯಿಂದ ಫ್ಲೋ ಹೋಗುತ್ತದೆ. ರೈತರ ದುಡ್ಡಿನ ವಿಷಯ ಇದು. ಇಂಥ ಕಡೆ ಅಂದಾಜಿನ ಗೆರೆ ಇರಬಾರದು.

ಆರ್ಕಿ ನಡೆಯುವುದು ಆರ್ಕಿಮೇಟ್ ಎಂಬ ಭಾಷೆಯ ಮೇಲೆ. ಅದನ್ನು ನೋಡಿಕೊಳ್ಳುವುದು ದಿ ಓಪನ್ ಗ್ರೂಪ್. ಅದರಲ್ಲಿ 11 ಬಗೆಯ ಸಂಬಂಧಗಳಿವೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ, ನಮಗೆ ದಿನಾ ಬೇಕಾಗುವುದು ಐದಾರು. ಕಾಟಾದ ಹತ್ತಿರ ಕೂರುವ ಗುಮಾಸ್ತರಿಗೂ ತೂಕದ ಕೆಲಸಕ್ಕೂ ಅಸೈನ್‌ಮೆಂಟ್, ಅಂದರೆ ಆ ಕೆಲಸ ಮಾಡುವವರು ಅವರು. ತೂಕದ ಸಾಫ್ಟ್‌ವೇರಿನಿಂದ ಆ ಕೆಲಸಕ್ಕೆ ಸರ್ವಿಂಗ್, ಅಂದರೆ ನೆರವು. ಕೆಲಸದಿಂದ ಲಾಟ್ ಪಟ್ಟಿಗೆ ಆಕ್ಸೆಸ್. ಈ ಆಕ್ಸೆಸ್‌ನಲ್ಲಿ ಓದುವುದೋ, ಬರೆಯುವುದೋ, ಎರಡೂನೋ ಅಂತ ಪ್ರಾಪರ್ಟೀಸ್‌ನಲ್ಲಿ ಆರಿಸಬಹುದು. ತೂಕದವರು ಲಾಟ್ ಪಟ್ಟಿಗೆ ಬರೆಯುತ್ತಾರೆ, ಟೆಂಡರಿನವರು ಓದುತ್ತಾರೆ. ಗೆರೆ ಎರಡೂ ಸಲ ಕೆಲಸದಿಂದಲೇ ಹೊರಡುತ್ತದೆ, ಬಾಣದ ತುದಿ ಮಾತ್ರ ಬದಲಾಗುತ್ತದೆ. ಹೊಸಬರಿಗೆ ಇದು ಮೊದಮೊದಲು ಗಲಿಬಿಲಿ ಮಾಡುತ್ತದೆ.

ಕಲಿಯುವವರಿಗೆ ‘ಮ್ಯಾಜಿಕ್ ಕನೆಕ್ಟರ್’ ದೊಡ್ಡ ಸಹಾಯ. ಎರಡು ಬಾಕ್ಸ್ ಜೋಡಿಸಿದರೆ ಅವುಗಳ ನಡುವೆ ನಿಯಮ ಒಪ್ಪುವ ಸಂಬಂಧಗಳನ್ನು ಮಾತ್ರ ತೋರಿಸುತ್ತದೆ. ತೂಕದ ಕೆಲಸದಿಂದ ತೂಕದ ಸಾಫ್ಟ್‌ವೇರಿಗೆ ಕಾಂಪೊಸಿಷನ್ (ಒಂದು ಇನ್ನೊಂದರ ಭಾಗ ಅನ್ನುವ ಸಂಬಂಧ) ಎಳೆಯಲು ಹೋದರೆ ಬಿಡುವುದೇ ಇಲ್ಲ. ಸರಿ ಅಲ್ವಾ? ಸಾಫ್ಟ್‌ವೇರ್ ಆ ಕೆಲಸಕ್ಕೆ ನೆರವಾಗುತ್ತದೆ, ಅದರ ಭಾಗ ಅಲ್ಲ.

ಒಂದು ಎಚ್ಚರಿಕೆ. ಅಸೋಸಿಯೇಷನ್ ಎಂಬ ಸಂಬಂಧವನ್ನು ಯಾವುದರ ನಡುವೆ ಬೇಕಾದರೂ ಹಾಕಬಹುದು. ತಲೆಬಿಸಿ ಆದಾಗ ಎಲ್ಲರೂ ಅದನ್ನೇ ಆರಿಸುತ್ತಾರೆ. ‘ಏನೋ ನೆಂಟರು’ ಅಂದ ಹಾಗೆ ಅದು. ಸೋದರಮಾವನೋ, ಷಡ್ಡಕನೋ ಗೊತ್ತಾಗಲ್ಲ. ನಾನಂತೂ ನಕ್ಷೆ ಒಪ್ಪಿಸುವ ಮೊದಲು ಅಸೋಸಿಯೇಷನ್ ಗೆರೆಗಳನ್ನೆಲ್ಲ ಹುಡುಕಿ, ಒಂದೊಂದಕ್ಕೂ ಸರಿಯಾದ ಬಗೆ ಇದೆಯಾ ಅಂತ ನೋಡುತ್ತೇನೆ. ಜಾಸ್ತಿ ಗೆರೆಗಳಿಗೆ ಸಿಕ್ಕೇ ಸಿಗುತ್ತದೆ.

ಒಬ್ಬರಿಗಿಂತ ಹೆಚ್ಚು ಜನ ಒಂದೇ ನಕ್ಷೆಯಲ್ಲಿ ಕೆಲಸ ಮಾಡುವುದಾದರೆ ಕೋಆರ್ಕಿ ಎಂಬ ಪ್ಲಗಿನ್ ಬೇರೆಯಾಗಿ ಹಾಕಿಕೊಳ್ಳಬೇಕು, ಫೈಲುಗಳ ಬದಲಾವಣೆಯ ಲೆಕ್ಕ ಇಡುವ ಗಿಟ್ ಎಂಬ ಸಾಫ್ಟ್‌ವೇರ್ ಸ್ವಲ್ಪ ಗೊತ್ತಿರಬೇಕು. ಬಾಕ್ಸುಗಳ ಹೆಸರನ್ನು ನಾವು ಕನ್ನಡದಲ್ಲೇ ಬರೆಯುತ್ತೇವೆ. ಸಂಘದ ಸೆಕ್ರೆಟರಿಯವರಿಗೆ ಎಚ್‌ಟಿಎಂಎಲ್ ರಿಪೋರ್ಟ್ ತೆಗೆದು ಕೊಟ್ಟಿದ್ದೇನೆ. ಆರ್ಕಿ ಇಲ್ಲದಿದ್ದರೂ ಅವರು ಬ್ರೌಸರಿನಲ್ಲೇ ತೆರೆದು, ಬಾಕ್ಸಿನ ಮೇಲೆ ಒತ್ತಿ ವಿವರ ಓದಬಹುದು.