ಮಿಲ್ಲಿನಲ್ಲಿ ಬೀಸಿಸಿದ ಸೀಗೆಪುಡಿ: ನಾಲ್ಕು ತಿಂಗಳು ಬಳಸಿದ ಮೇಲೆ

ಸೀಗೆಕಾಯಿ ಬೀಸಿಸಲು ಮಿಲ್ಲಿಗೆ ಹೋಗುವವರು ಮೂಗಿಗೆ ಒಂದು ಬಟ್ಟೆ ಕಟ್ಟಿಕೊಂಡೇ ಹೋಗಿ. ನನಗೆ ಇದು ಗೊತ್ತಿರಲಿಲ್ಲ. ಚೀಲ ಸುರಿದು ಎರಡು ನಿಮಿಷ ಆಗಿರಲಿಲ್ಲ, ಸೀನು ಶುರುವಾಗಿ ಕಣ್ಣಲ್ಲಿ ನೀರು ಬಂತು. ಮಿಲ್ಲಿನವರು ಹೆಗಲ ಮೇಲಿನ ಟವೆಲನ್ನು ಮೂಗಿಗೆ ಸುತ್ತಿಕೊಂಡು, "ಅಕ್ಕಾ, ನೀವು ಹೊರಗೆ ನಿಂತ್ಕೊಳ್ಳಿ, ಆದ್ಮೇಲೆ ಕರೀತೀನಿ" ಅಂದರು. ರಾಗಿ, ಗೋಧಿ ಬೀಸುವ ಮೆಷಿನ್ನೇ ಬೇರೆ, ಸೀಗೆಕಾಯಿಯದೇ ಬೇರೆ. ಅದು ಹಿಂದಿನ ಮೂಲೆಯಲ್ಲಿತ್ತು, ಸುತ್ತಲಿನ ಗೋಡೆಯೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು.

ಆ ಪುಡಿಯನ್ನೇ ನಾನು, ನಮ್ಮ ಅತ್ತೆ ಮತ್ತು ಹನ್ನೊಂದು ವರ್ಷದ ಮಗಳು ನಾಲ್ಕು ತಿಂಗಳಿಂದ ತಲೆಗೆ ಹಾಕಿಕೊಳ್ಳುತ್ತಿದ್ದೇವೆ. ಚೆನ್ನಾಗಿರುವುದು ಏನು, ಕಷ್ಟ ಎಲ್ಲಿ, ಎರಡನ್ನೂ ಬರೆಯುತ್ತೇನೆ.

ಇದಕ್ಕೆ ಮೊದಲು ಮನೆಯಲ್ಲಿ ಇದ್ದದ್ದು 549 ರೂಪಾಯಿಯ ಒಂದು "ಆರ್ಗ್ಯಾನಿಕ್" ಶಾಂಪೂ. ಕಂಪನಿ ಹೆಸರು ಬೇಡ. 200 ಮಿಲಿ ಬಾಟಲಿ, ಮುಂದೆ ಎಲೆಯ ಚಿತ್ರ, ಸೀಗೆಕಾಯಿಯ ಚಿತ್ರ, ಮಣ್ಣಿನ ಬಣ್ಣದ ಲೇಬಲ್ಲು. ನೋಡಿದರೆ ಅಜ್ಜಿ ಮನೆಯ ಹಿತ್ತಲಿನಿಂದ ಬಂದದ್ದು ಅನ್ನಬೇಕು, ಹಾಗಿತ್ತು. ಒಂದು ದಿನ ಸುಮ್ನೆ ಹಿಂದೆ ತಿರುಗಿಸಿ, ಒಳಗೆ ಏನೇನಿದೆ ಅಂತ ಸಣ್ಣ ಅಕ್ಷರದಲ್ಲಿ ಹಾಕಿದ್ದ ಪಟ್ಟಿ ಓದಿದೆ. ಈ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು, ಕಡಿಮೆ ಇರುವುದನ್ನು ಆಮೇಲೆ. ಶೇ 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ನಮ್ಮ ಬಾಟಲಿಯಲ್ಲಿ ಮೊದಲು ನೀರು. ಆಮೇಲೆ ನೊರೆ ಬರಿಸುವ ಎರಡು ರಾಸಾಯನಿಕ. ಆಮೇಲೆ ಉಪ್ಪು, ಮಂದ ಮಾಡುವ ಇನ್ನೊಂದು, ಸೆಂಟು. ಸೀಗೆಕಾಯಿ ಬಂದದ್ದು ಸೆಂಟಿನ ಹಿಂದೆ! ಚಿತ್ರದಲ್ಲಿ ಅಷ್ಟು ದೊಡ್ಡದಾಗಿ ಇದ್ದದ್ದು ಒಳಗೆ ಎಷ್ಟು ಹನಿ ಇತ್ತೋ.

ಯಾವ ಸರ್ಟಿಫಿಕೇಟ್ ಇದೆ ಅಂತ ಕೇಳಿ ಕಂಪನಿಗೆ ಮೇಲ್ ಹಾಕಿದೆ. ಬಂದದ್ದು "ನಮ್ಮದು ಪ್ರಕೃತಿಯ ಕೊಡುಗೆ" ಅನ್ನುವ ಥರದ ನಾಲ್ಕು ಸಾಲು ಮತ್ತು ಮುಂದಿನ ಖರೀದಿಗೆ ಡಿಸ್ಕೌಂಟ್ ಕೂಪನ್. ಕೇಳಿದ ಪ್ರಶ್ನೆಗೆ ಉತ್ತರವೇ ಇಲ್ಲ. ನನಗೆ ಬೇಜಾರಾದದ್ದು ರಾಸಾಯನಿಕ ಇದೆ ಅಂತಲ್ಲ, ಇದೆ ಅಂತ ನೇರವಾಗಿ ಹೇಳದೆ ಎಲೆಯ ಚಿತ್ರ ಹಾಕಿದ್ದಾರೆ ಅಂತ. ದುಡ್ಡು ಕೊಟ್ಟಿದ್ದು ನಾವು, ತಿಳಿದುಕೊಳ್ಳುವ ಹಕ್ಕೂ ನಮ್ಮದೇ ಅಲ್ವಾ?

ಆಮೇಲೆ ಕೂತು ಇದರ ಬಗ್ಗೆ ಓದಿದೆ. ಅಕ್ಕಿ ಬೇಳೆ ಪೊಟ್ಟಣದ ಮೇಲೆ ಕಾಣುವ "ಜೈವಿಕ್ ಭಾರತ್" ಲೋಗೋ ಆಹಾರ ಪದಾರ್ಥಕ್ಕೆ ಇರುವಂಥದ್ದು, ಶಾಂಪೂ ಕ್ರೀಮಿಗೆ ಅಲ್ಲ. ಸೌಂದರ್ಯ ಸಾಮಗ್ರಿಗೆ ಯುರೋಪಿನ "ಕಾಸ್ಮಾಸ್" ಅನ್ನುವ ಮಾನದಂಡ ಇದೆ. ಅದರಲ್ಲಿ ಆರ್ಗ್ಯಾನಿಕ್ ಅನ್ನಿಸಿಕೊಳ್ಳಲು ಹಚ್ಚಿಕೊಂಡು ಬಿಡುವ ಕ್ರೀಮಿನ ಒಟ್ಟು ತೂಕದಲ್ಲಿ ಕನಿಷ್ಠ ಶೇ 20 ಆರ್ಗ್ಯಾನಿಕ್ ಇರಬೇಕು. ತೊಳೆದು ಬಿಡುವ ಶಾಂಪೂವಿಗೆ ಶೇ 10 ಇದ್ದರೆ ಸಾಕು. ಇಷ್ಟು ಕಡಿಮೆ ಯಾಕೆ ಅಂದರೆ ಶಾಂಪೂವಿನಲ್ಲಿ ಮುಕ್ಕಾಲುಪಾಲು ನೀರೇ, ನೀರನ್ನು ಆರ್ಗ್ಯಾನಿಕ್ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಅಲ್ಲಿಗೆ ನನ್ನ ತಲೆಯಲ್ಲಿ ಒಂದು ವಿಷಯ ಕೂತುಬಿಟ್ಟಿತು. ನಾವು ದುಡ್ಡು ಕೊಟ್ಟು ತರುತ್ತಿರುವುದು ಹೆಚ್ಚಾಗಿ ನೀರು. ನೀರು ಇರುವುದರಿಂದ ಬಾಟಲಿ ಬೇಕು, ಪಂಪು ಬೇಕು. ನೀರಿದ್ದರೆ ಬೂಸ್ಟು ಬರುತ್ತದೆ, ಅದು ಬರಬಾರದು ಅಂತ ಪ್ರಿಸರ್ವೇಟಿವ್ ಬೇಕು. ಅಷ್ಟು ಭಾರವನ್ನು ಲಾರಿಯಲ್ಲಿ ಊರಿಂದೂರಿಗೆ ಹೊರಬೇಕು. ಒಣ ಪುಡಿಗೆ ಇದ್ಯಾವುದೂ ಬೇಡ. ಕಾಗದದ ಪೊಟ್ಟಣ, ಸ್ಟೀಲ್ ಡಬ್ಬ, ಮುಗೀತು.

ಹಾಗಾಗಿ ಈಗ ಯಾವುದನ್ನು ಕೊಳ್ಳುವಾಗಲೂ ನಾನು ಮೊದಲು ನೋಡುವುದು ಆರ್ಗ್ಯಾನಿಕ್ ಪದವನ್ನಲ್ಲ, ಇದರಲ್ಲಿ ನೀರು ಎಷ್ಟಿದೆ ಅನ್ನುವುದನ್ನು.

ಇನ್ನು ಪುಡಿಯ ವಿಚಾರ. ಸಾಮಾನು ತಂದದ್ದು ಬೆಂಗಳೂರಿನ ಗಾಂಧಿ ಬಜಾರಿನ ಒಂದು ಗ್ರಂಥಿಗೆ ಅಂಗಡಿಯಿಂದ. ಇಂಥ ಅಂಗಡಿಗೆ ಹೋಗದವರು ಒಂದು ಸಲ ಹೋಗಿ, ಒಳಗೆ ಕಾಲಿಟ್ಟರೆ ಕಚೋರ, ಬಜೆ, ಒಣಶುಂಠಿ ಎಲ್ಲ ಸೇರಿದ ವಾಸನೆ ಹೊಡೆಯುತ್ತದೆ, ಕಟ್ಟುವವರಿಗೆ ಯಾವ ಡ್ರಾದಲ್ಲಿ ಏನಿದೆ ಅಂತ ಕಣ್ಣು ಮುಚ್ಚಿಕೊಂಡು ಗೊತ್ತು. ಅಲ್ಲಿದ್ದ ವಯಸ್ಸಾದವರು ಎರಡು ಸೀಗೆಕಾಯಿ ತೆಗೆದು ನನ್ನ ಕೈಗೆ ಕೊಟ್ಟು ಮುರಿಯಲು ಹೇಳಿದರು. ಒಂದು ಟಪ್ ಅಂತ ಮುರಿಯಿತು, ಇನ್ನೊಂದು ಬಾಗಿತು. "ಬಾಗೋದು ಹಸಿ ಇದೆಯಮ್ಮ, ಬೀಸಿದ್ರೆ ಪುಡಿ ಗಂಟು ಕಟ್ಟತ್ತೆ, ಹುಳ ಬೀಳತ್ತೆ. ಮುರಿಯೋದು ತಗೊಳ್ಳಿ." ಇಷ್ಟು ಹೇಳಿ ಮಾರುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಸೀಗೆಕಾಯಿ 1 ಕಿಲೋಗೆ 240 ರೂಪಾಯಿ. ಅಂಟುವಾಳ ಕಾಲು ಕಿಲೋ 45. ಹೆಸರುಕಾಳು ಕಾಲು ಕಿಲೋ 35, ಮೆಂತ್ಯ 100 ಗ್ರಾಂ 15. ದಾಸವಾಳದ ಎಲೆ, ಕರಿಬೇವು ಮನೆಯಲ್ಲೇ ಇತ್ತು, ನೆರಳಲ್ಲಿ ಒಣಗಿಸಿ ಸೇರಿಸಿದೆ. ಮಿಲ್ಲಿನವರಿಗೆ 60. ಒಟ್ಟು 395 ರೂಪಾಯಿ. ಜರಡಿ ಹಿಡಿದ ಮೇಲೆ 1 ಕಿಲೋ 300 ಗ್ರಾಂ ಪುಡಿ ಸಿಕ್ಕಿತು. ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು, ಅಂದರೆ ಒಂದು ತಲೆಸ್ನಾನಕ್ಕೆ 10 ರೂಪಾಯಿಯೂ ಇಲ್ಲ. ಆ ಬಾಟಲಿಯಲ್ಲಿ ಒಂದು ಸ್ನಾನಕ್ಕೆ 27 ರೂಪಾಯಿ ಬೀಳುತ್ತಿತ್ತು, ಮೂರು ಜನಕ್ಕೆ ಒಂದು ತಿಂಗಳೂ ಬರುತ್ತಿರಲಿಲ್ಲ.

ಅಂಟುವಾಳದ ಬೀಜ ತೆಗೆಯುವುದು ಮಾತ್ರ ತಾಳ್ಮೆಯ ಕೆಲಸ. ಗುಂಡುಕಲ್ಲಿನಿಂದ ಒಂದು ಏಟು ಕೊಟ್ಟರೆ ಸಿಪ್ಪೆ ಬಿಡುತ್ತದೆ, ಒಳಗಿನ ಕಪ್ಪು ಬೀಜ ಗೋಲಿಯ ಹಾಗೆ ಉರುಳಿ ಸೋಫಾ ಅಡಿಗೆ ಹೋಗುತ್ತದೆ, ಸಿಪ್ಪೆಯ ಅಂಟು ಬೆರಳಿಗೆ ಹಿಡಿಯುತ್ತದೆ. ಅರ್ಧ ಗಂಟೆ ಅತ್ತೆಯೇ ಕೂತು ಒಡೆದರು. ಬೀಜಗಳನ್ನು ಮಗಳು ತೊಳೆದು ಅಳಗುಳಿ ಮಣೆಗೆ ಎತ್ತಿಟ್ಟುಕೊಂಡಳು. ಬೀಜ ಸಮೇತ ಬೀಸಿಸಬೇಡಿ.

ಬಳಸಿದ ಮೇಲೆ ಹೇಗಿದೆ? ಕೂದಲಿನ ವಿಷಯದಲ್ಲಿ ನನಗೆ ಪೂರ್ತಿ ಖುಷಿಯಿದೆ. ಮೊದಲ ಎರಡು ಮೂರು ವಾರ ಕೂದಲು ಒರಟು ಅನ್ನಿಸಿತು, ಕೈಗೆ ನೊರೆ ಸಿಗದೆ ತೊಳೆದ ಹಾಗೇ ಇರುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಪುಡಿಯನ್ನು ಅನ್ನ ಬಸಿದ ಗಂಜಿಯಲ್ಲಿ ಕಲಸಿ ಹತ್ತು ನಿಮಿಷ ನೆನೆಯಲು ಬಿಟ್ಟು ಹಚ್ಚಿದರೆ ಎಣ್ಣೆ ಹದವಾಗಿ ಹೋಗುತ್ತದೆ, ಒಣಗಿದ ಮೇಲೆ ಕೂದಲು ಮೆತ್ತಗಿರುತ್ತದೆ. ಎಣ್ಣೆ ಹಚ್ಚದೆ ಬರೀ ಪುಡಿ ಹಾಕಿದರೆ ಒಣಗಿ ಕಡ್ಡಿಯಾಗುತ್ತದೆ, ಹಾಗೆ ಮಾಡಬೇಡಿ. ನಮ್ಮ ಎಚ್‌ಎಸ್‌ಆರ್ ಲೇಔಟ್ ಕಡೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಅದು ಗಡಸು. ಸೋಪು ಗಡಸು ನೀರಿನ ಸುಣ್ಣದ ಜೊತೆ ಸೇರಿ ಬಿಳಿ ಗಸಿ ಕಟ್ಟುತ್ತದೆ. ಸೀಗೆಕಾಯಿ, ಅಂಟುವಾಳದಲ್ಲಿ ತೊಳೆಯುವ ಕೆಲಸ ಮಾಡುವುದು ಸಪೋನಿನ್, ಅದಕ್ಕೆ ಆ ತೊಂದರೆ ಇಲ್ಲ.

ಕಷ್ಟಗಳೂ ಇವೆ. ಕಣ್ಣಿಗೆ ಬಿದ್ದರೆ ಉರಿ, ಅದೂ ಚೆನ್ನಾಗಿಯೇ ಉರಿ. ಮಗಳು ಮೊದಲ ವಾರ ಅತ್ತಳು, ಈಗ ಹಣೆಗೆ ಒಂದು ಒದ್ದೆ ಟವೆಲ್ ಒತ್ತಿ ಹಿಡಿದುಕೊಂಡು ತಲೆ ಹಿಂದಕ್ಕೆ ಬಾಗಿಸಿ ಕೂರುತ್ತಾಳೆ. ಮಿಲ್ಲಿನ ಪುಡಿ ತರಿತರಿ, ಹಾಗೇ ಹಾಕಿದರೆ ಬೈತಲೆಯಲ್ಲಿ ಕೂರುತ್ತದೆ, ಸಂಜೆ ಬಾಚಿದರೂ ಉದುರುತ್ತದೆ. ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಜರಡಿ ಹಿಡಿಯಲೇಬೇಕು, ಉಳಿದ ತರಿಯನ್ನು ಎಸೆಯಬೇಡಿ, ಹಿತ್ತಾಳೆ ದೀಪ ಉಜ್ಜಲು ಬರುತ್ತದೆ. ಬಿಳಿ ಟವೆಲ್ ಕಂದು ಆಗುತ್ತದೆ. ಬಚ್ಚಲಿನ ಜಾಲರಿಯನ್ನು ಪ್ರತಿ ಸಲ ಕೈಯಿಂದ ತೆಗೆದು ತೊಳೆಯಬೇಕು. ಎಲ್ಲ ಸೇರಿ ಶಾಂಪೂಗಿಂತ ಇಪ್ಪತ್ತು ನಿಮಿಷ ಜಾಸ್ತಿ ಬೇಕು, ಹಾಗಾಗಿ ನಮ್ಮನೆಯಲ್ಲಿ ಇದು ಭಾನುವಾರದ ಕೆಲಸ. ಮಗಳಿಗೆ ಎರಡು ವಾರಕ್ಕೊಮ್ಮೆ ಮಾತ್ರ ಇದು, ಉಳಿದಂತೆ ಅವಳು ಸೋಪಿನ ಹಾಗೆ ಗಟ್ಟಿಯಾಗಿ ಬರುವ ಶಾಂಪೂ ಬಾರ್ ಬಳಸುತ್ತಾಳೆ. ಆಫೀಸಿಗೆ ಓಡುವ ಬೆಳಿಗ್ಗೆ ಸೀಗೆಪುಡಿ ಕಲಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಬಾರ್ ವಿಷಯ ಬಂದಿದ್ದಕ್ಕೆ ಒಂದು ಮಾತು. ಎರಡು ಥರದ್ದು ಬರುತ್ತದೆ. ಒಂದು ನಿಜವಾಗಿ ಸೋಪೇ, ಕೈಯಿಂದ ಮಾಡಿದ್ದು ಅಂತ ಚಂದದ ಕಾಗದದಲ್ಲಿ ಸುತ್ತಿರುತ್ತಾರೆ, ಆದರೆ ಕ್ಷಾರ ಜಾಸ್ತಿ, ಟ್ಯಾಂಕರ್ ನೀರಿನಲ್ಲಿ ಕೂದಲು ಅಂಟಂಟು. ಇನ್ನೊಂದರ ಪಟ್ಟಿಯಲ್ಲಿ ಮೊದಲು "ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್" ಥರದ ಹೆಸರು ಇರುತ್ತದೆ. ಹೆಸರು ಕೇಳಿ ಹೆದರಬೇಡಿ, ತೆಂಗಿನೆಣ್ಣೆಯ ಕೊಬ್ಬಿನಾಮ್ಲದಿಂದ ಮಾಡುವ ಮೃದುವಾದ ವಸ್ತು ಅದು, ಗಡಸು ನೀರಿಗೂ ಆಗುತ್ತದೆ. ನಾವು ಬಳಸುವುದು ಈ ಎರಡನೆಯದು, ಪ್ಲಾಸ್ಟಿಕ್ ಇಲ್ಲ, ನೀರೂ ಇಲ್ಲದ ಹಾಗೆ.

ಸ್ಯಾಶೆಯನ್ನಂತೂ ಪೂರ್ತಿ ಬಿಟ್ಟಿದ್ದೇವೆ. 2022ರ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ಚಮಚ, ತಟ್ಟೆ ಎಲ್ಲ ದೇಶದಲ್ಲಿ ನಿಷೇಧ ಆಯಿತಲ್ಲ, ಆ ಪಟ್ಟಿಯಲ್ಲಿ ಶಾಂಪೂ ಸ್ಯಾಶೆ ಇಲ್ಲ. ಹಲವು ಪದರ ಅಂಟಿಸಿ ಮಾಡಿದ ಆ ತುಂಡನ್ನು ಆಯುವವರೂ ಆಯುವುದಿಲ್ಲ, ಗುಜರಿಯವರೂ ತಗೊಳ್ಳುವುದಿಲ್ಲ. ನಮ್ಮ ಏರಿಯಾದ ರಾಜಕಾಲುವೆ ಪಕ್ಕ ನಡೆದರೆ ಜಾಲರಿಗೆ ಸಿಕ್ಕಿಕೊಂಡಿರುವುದರಲ್ಲಿ ಹೆಚ್ಚಿನವು ಅವೇ. ಆ ಕಾಲುವೆ ನೀರು ಹೋಗುವುದು ಬೆಳ್ಳಂದೂರು ಕೆರೆಗೆ. 2015ರಿಂದ ಒಂದೆರಡು ವರ್ಷ ಅಲ್ಲಿ ನೊರೆ ರಸ್ತೆಗೆ ಹಾರಿ ಸ್ಕೂಟರ್ ಮೇಲೆ ಹೋಗುವವರ ಮೈಮೇಲೆ ಬೀಳುತ್ತಿತ್ತು, 2017ರಲ್ಲಿ ಕೆರೆಗೆ ಬೆಂಕಿಯೇ ಬಿತ್ತು. ಶುದ್ಧ ಮಾಡದೆ ಬಿಟ್ಟ ಕೊಳಚೆ, ಅದರಲ್ಲಿನ ಡಿಟರ್ಜೆಂಟು, ಎಲ್ಲ ನಮ್ಮ ನಮ್ಮ ಬಚ್ಚಲಿನಿಂದ ಹೋದದ್ದೇ. ಅದನ್ನು ಕಣ್ಣಾರೆ ನೋಡಿದ ಮೇಲೆ ಬಚ್ಚಲಿಗೆ ಏನು ಸುರಿಯುತ್ತೇನೆ ಅನ್ನುವುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಹಾಗಂತ ಕಾಡಿನದು ಅಂದಮೇಲೆ ಏನೂ ಮಾಡುವುದಿಲ್ಲ ಅಂತಲೂ ಅಂದುಕೊಳ್ಳಬೇಡಿ. ಹಿಂದೆ ಹಳ್ಳ, ಹೊಂಡದಲ್ಲಿ ಮೀನು ಹಿಡಿಯಲು ಅಂಟುವಾಳ, ಸೀಗೆಕಾಯಿ ಜಜ್ಜಿ ಹಾಕುತ್ತಿದ್ದರು, ಸಪೋನಿನ್ನಿನಿಂದ ಮೀನಿಗೆ ಮಂಪರು ಬಂದು ಅದು ಮೇಲೆ ತೇಲುತ್ತದೆ. ಟ್ರಿಪ್ಪಿಗೆ ಹೋದಾಗ ನ್ಯಾಚುರಲ್ ತಾನೇ ಅಂತ ತೊರೆಯಲ್ಲಿ ಕೂತು ಸೀಗೆಪುಡಿ ಹಾಕಿ ತಲೆ ತೊಳೆಯಬೇಡಿ. ಹಾಗೇ ಅಂಗಡಿಯ "ಕಪ್ಪು ಮೆಹಂದಿ"ಯನ್ನೂ ನಂಬಬೇಡಿ. ಗೋರಂಟಿ ಸೊಪ್ಪು ಕೊಡುವುದು ಕೆಂಪು ಬಣ್ಣ, ಅಷ್ಟೇ. ಕೂಡಲೇ ಕಪ್ಪಾಗುತ್ತದೆ ಅಂದರೆ ಅದರಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನುವ ಡೈ ಇರುತ್ತದೆ, ಕೆಲವರಿಗೆ ಅದು ಮುಖವೆಲ್ಲ ಊದಿಸುತ್ತದೆ.

ನಿಮ್ಮ ಬಾಟಲಿಯ ಮೇಲೂ ಪುರಾವೆಯಿಲ್ಲದ "ಆರ್ಗ್ಯಾನಿಕ್", "ಪರಿಸರ ಸ್ನೇಹಿ" ಇದ್ದರೆ ಸುಮ್ಮನಿರಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ, ಇಂಥ ಪದ ಹಾಕುವವರು ಆಧಾರ ಕೊಡಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು.

ಗ್ರಂಥಿಗೆ ಅಂಗಡಿಯವರನ್ನು ಇನ್ನೊಂದು ಪ್ರಶ್ನೆ ಕೇಳಿ, ಕಾಯಿ ಯಾವ ಕಡೆಯದು ಅಂತ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಸೀಗೆ, ಅಂಟುವಾಳ ಆರಿಸಿಕೊಂಡೇ ಬದುಕಿದವರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯದ ಹಕ್ಕು ಸಿಕ್ಕಿತು. ಕೊಂಬೆ ಕಡಿದು ಕಾಯಿ ಕಿತ್ತರೆ ಮುಂದಿನ ವರ್ಷ ಕಾಯಿಯೇ ಇಲ್ಲ ಅನ್ನುವುದು ಅಲ್ಲೇ ಇರುವವರಿಗೆ ಗೊತ್ತು. ಅವರ ಸಂಘದಿಂದಲೇ ನೇರವಾಗಿ ಸಿಕ್ಕಿದರೆ ನಾನು ಇನ್ನು ನೂರು ರೂಪಾಯಿ ಜಾಸ್ತಿ ಕೊಡಲೂ ತಯಾರಿದ್ದೇನೆ. ನನ್ನ ಅಂಗಡಿಯವರು "ಚಾಮರಾಜನಗರದ ಕಡೆಯಿಂದ ಬರತ್ತೆ" ಅಂದರು, ಅದಕ್ಕಿಂತ ಜಾಸ್ತಿ ಅವರಿಗೂ ಗೊತ್ತಿರಲಿಲ್ಲ.

ಡಬ್ಬದಲ್ಲಿ ಇನ್ನು ಎರಡು ಭಾನುವಾರಕ್ಕೆ ಆಗುವಷ್ಟು ಪುಡಿ ಇದೆ. ಮುಂದಿನ ಸಲ ಅಂಟುವಾಳವನ್ನು ಅರ್ಧಕ್ಕೆ ಇಳಿಸಿ ಹೆಸರುಕಾಳು ಸ್ವಲ್ಪ ಜಾಸ್ತಿ ಹಾಕುತ್ತೇನೆ, ಕಣ್ಣುರಿ ಕಡಿಮೆ ಆಗಬಹುದು ಅಂತ ಅತ್ತೆಯ ಲೆಕ್ಕ. ಮಳೆ ಶುರುವಾದರೆ ಕಾಯಿ ಒಣಗುವುದಿಲ್ಲ, ಈ ಶನಿವಾರವೇ ಗಾಂಧಿ ಬಜಾರಿಗೆ ಹೋಗಬೇಕು.