ಬೆಂಗಳೂರಿನ ಆಸ್ತಿ ತೆರಿಗೆ ಆನ್‌ಲೈನ್ ಸೇವೆ: 5ಕ್ಕೆ 4 ಸ್ಟಾರ್

ಏಳೆಂಟು ವರ್ಷದಿಂದ ಮನೆಯ ತೆರಿಗೆಯನ್ನು ಆನ್‌ಲೈನ್‌ನಲ್ಲೇ ಕಟ್ಟುತ್ತಿದ್ದೇನೆ. ಹತ್ತೇ ನಿಮಿಷದ ಕೆಲಸ. ಅಪ್ಪ ಇದಕ್ಕೇ ಅಂತ ಅರ್ಧ ದಿನ ರಜೆ ಹಾಕಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಹಳೆ ಅರ್ಜಿ ಸಂಖ್ಯೆ ಹಾಕಿದರೆ ವಿವರವೆಲ್ಲ ಬರುತ್ತದೆ, ಏನೂ ಬದಲಾಗಿಲ್ಲ ಅಂದ್ರೆ ಫಾರ್ಮ್ 4, ಮೇಲೊಂದು ಮಹಡಿ ಕಟ್ಟಿದ್ದರೆ ಅಥವಾ ಬಾಡಿಗೆಗೆ ಕೊಟ್ಟಿದ್ದರೆ ಫಾರ್ಮ್ 5. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5% ರಿಯಾಯಿತಿ.

ದಯವಿಟ್ಟು ನೀವೇ ತುಂಬಿ. ಒಮ್ಮೆ ಮನೆ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಕೊಟ್ಟಿದ್ದೆ, ಚದರಡಿ ತಪ್ಪು ಹಾಕಿಬಿಟ್ಟರು. ಸರಿ ಮಾಡಿಸಲು ಮೂರು ಸಲ ಓಡಾಡಿದೆ.

ಪಾಲಿಕೆ ಹತ್ತಿರ ದುಡ್ಡಿಲ್ಲ ಅಂತ ಯಾವಾಗಲೂ ಕೇಳುತ್ತೇವೆ ಅಲ್ವಾ? 2025ರ ಮಾರ್ಚ್‌ನಲ್ಲಿ ಆಗಿನ ಬಿಬಿಎಂಪಿ ಮಂಡಿಸಿದ ಬಜೆಟ್ ಸುಮಾರು 19,900 ಕೋಟಿ. ಆಗ ಮುಗಿದ ವರ್ಷದಲ್ಲಿ ಆಸ್ತಿ ತೆರಿಗೆಯಿಂದ ಬಂದದ್ದು 5,000 ಕೋಟಿಗಿಂತ ಸ್ವಲ್ಪ ಕಡಿಮೆ. ಹೀಗಿದ್ದರೆ ಬೇರೆ ಶುಲ್ಕಗಳ ಜೊತೆಗೆ ಸರ್ಕಾರದ ಅನುದಾನ, ಸಾಲ ಅಂತಲೂ ಕೈ ಚಾಚಲೇಬೇಕು. 1997ರಲ್ಲಿ ದೇಶದಲ್ಲೇ ಮೊದಲು ಬಾಂಡ್ (ಸಾಲಪತ್ರ) ಮೂಲಕ 125 ಕೋಟಿ ಎತ್ತಿದ್ದು ನಮ್ಮ ಪಾಲಿಕೆಯೇ, ಆದರೆ ಸಾಲ ಅಂದ ಮೇಲೆ ತೀರಿಸಲೇಬೇಕಲ್ಲ.

ನನಗೆ ಕಾಣುವ ದೊಡ್ಡ ಸೋರಿಕೆ ಈ ಫಾರ್ಮ್‌ನಲ್ಲೇ ಇದೆ. ಲೆಕ್ಕ ನಾವೇ ಹಾಕಿ ಘೋಷಿಸುವುದು. ಸ್ವಂತ ವಾಸದ ಮನೆಗೆ ದರ ಬಾಡಿಗೆ ಮನೆಯ ಅರ್ಧ. ಹಾಗಾಗಿ ನಾಲ್ಕು ಮನೆ ಬಾಡಿಗೆಗೆ ಕೊಟ್ಟವರೂ ಎಲ್ಲ ಸ್ವಂತ ವಾಸ ಅಂತ ಬರೆದರೆ, ಯಾರಾದರೂ ಪರಿಶೀಲಿಸುವ ತನಕ ಅದೇ ನಡೆಯುತ್ತದೆ. ಒಂದೇ ಕಟ್ಟಡದಲ್ಲಿ ಎಷ್ಟು ಕರೆಂಟ್ ಮೀಟರ್ ಇವೆ, ಕೆಳಗೆ ಅಂಗಡಿ ಇದೆಯಾ ಅಂತ ಬೆಸ್ಕಾಂ ದಾಖಲೆ ಜೊತೆ ಹೊಂದಿಸಿ ನೋಡಲಿ. ಹೊಸ ಶುಲ್ಕಕ್ಕಿಂತ ಮೊದಲು ಆಗಬೇಕಾದ್ದು ಇದು. 2024ರಲ್ಲಿ ಬಾಕಿದಾರರಿಗೆ ಬಡ್ಡಿ ಮನ್ನಾ ಮಾಡಿ ದಂಡ ಅರ್ಧ ಮಾಡಿದರು. ದುಡ್ಡು ಬಂತು, ಸರಿ. ಆದರೆ ಪ್ರತಿ ವರ್ಷ ಸಮಯಕ್ಕೆ ಕಟ್ಟಿದವರಿಗೆ ಬೇಜಾರಾಗುತ್ತದೆ, ಅದನ್ನು ಪದೇ ಪದೇ ಮಾಡಬಾರದು.

2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಇದರಲ್ಲೇ ಸೇರಿದೆ, ತಿಂಗಳಿಗೆ 600 ಚದರಡಿವರೆಗೆ 10 ರೂಪಾಯಿ, 4,000 ದಾಟಿದರೆ 400. ದೊಡ್ಡ ಮನೆಯವರು ಜಾಸ್ತಿ ಕೊಡಲಿ, ನನ್ನ ತಕರಾರಿಲ್ಲ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಯಾಕೆ ಅಂದ್ರೆ, ರಸೀದಿಯಲ್ಲಿ ಕಟ್ಟಿದ ಮೊತ್ತ, ಸೆಸ್ (ತೆರಿಗೆ ಮೇಲಿನ ಹೆಚ್ಚುವರಿ ಕರ) ಎಲ್ಲ ಇರುತ್ತದೆ, ಆದರೆ ನಮ್ಮ ವಾರ್ಡಿನಿಂದ ಒಟ್ಟು ಎಷ್ಟು ಬಂತು, ಯಾವ ರಸ್ತೆಗೆ, ಯಾವ ಚರಂಡಿಗೆ ಎಷ್ಟು ಹೋಯಿತು ಅನ್ನೋದು ಇರುವುದಿಲ್ಲ. ಒಂದೇ ಇದ್ದ ಪಾಲಿಕೆ ಒಡೆದು ಈಗ ಐದು ಪಾಲಿಕೆಗಳಾಗಿವೆ. ಯಾವುದಾದರೂ ಒಂದು ಪಾಲಿಕೆ ಇದನ್ನು ಶುರು ಮಾಡಲಿ.